ಒಳಗೆ ಬಟ್ಟೆ ಜಾಸ್ತಿ ಬಿಡು, ಬೆಳೆಯೋ ಹುಡುಗಿ

ಮೂರು ಬ್ಲೌಸ್ ಪೀಸು, ಅಳತೆಗೆ ಒಂದು ಹಳೇ ಬಟ್ಟೆ, ಒಂದು ಚೀಟಿ. 2023ರ ಏಪ್ರಿಲ್ ಕೊನೆಯ ವಾರ ನಮ್ಮೂರ ಬಸ್ಸಿನ ಕಂಡಕ್ಟರ್ ಕೈಲಿ ಅತ್ತಿಗೆ ಕಳಿಸಿದ್ದ ಕವರಿನಲ್ಲಿ ಇದ್ದದ್ದು ಇಷ್ಟು. ನಾನು ಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ಬಾಡಿಗೆ ಮನೆಯ ಪಡಸಾಲೆಯೇ ನನ್ನ ಅಂಗಡಿ. ತವರಿನವರ ಬಟ್ಟೆಗೆ ನಾನು ಕೂಲಿ ಕೇಳಿದವಳಲ್ಲ, ಅವರು ಕೊಟ್ಟವರೂ ಅಲ್ಲ. "ನಮ್ಮ ದೊಡ್ಡಮ್ಮನ ಮೊಮ್ಮಗಳ ಮದ್ವೆ ಕಣಮ್ಮಿ, ರೇಷ್ಮೆ ಪೀಸಿಗೆ ಒಸಿ ಆರಿ ವರ್ಕ್ ಮಾಡ್ಸು" ಅಂತ ಅತ್ತಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದಳು.

ಅಳತೆ ಬಟ್ಟೆ ಬಿಡಿಸಿದೆ. ಹೈಸ್ಕೂಲಿನ ಯೂನಿಫಾರಂ ಟಾಪು. ಬಲಗೈ ತೋಳಿನ ಮೇಲೆ ಇಂಕಿನ ಕಲೆ. ಆ ಟಾಪನ್ನು ಹೊಲಿದವಳು ನಾನೇ, ಹಿಂದಿನ ಜೂನ್‌ನಲ್ಲಿ. ಚೀಟಿಯಲ್ಲಿ ಅತ್ತಿಗೆಯ ಗುಂಡು ಅಕ್ಷರ: "ಒಳಗೆ ಬಟ್ಟೆ ಜಾಸ್ತಿ ಬಿಡು, ಬೆಳೆಯೋ ಹುಡುಗಿ."

ಮದುವೆ ಆದ ಮೇಲೆ ಹುಡುಗಿ ದಪ್ಪ ಆಗ್ತಾಳೆ, ಒಳಗೆ ಬಟ್ಟೆ ಬಿಡಿ ಅನ್ನುವವರು ಎಷ್ಟೋ ಜನ ಬಂದಿದ್ದಾರೆ. ಬೆಳೀತಾಳೆ ಅಂದವರು ಇವರೇ ಮೊದಲು.

ನಾನು ಊರು, ಹೆಸರು, ಕಚೇರಿ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಬಾಲ್ಯವಿವಾಹದಂಥ ಪ್ರಕರಣದಲ್ಲಿ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಅಪರಾಧ. ಕಬ್ಬು ಬೆಳೆಯುವ, ನಾಲೆ ನೀರಿನ ಸೀಮೆ ಅಂದರೆ ಸಾಕು. ಆ ಟಾಪು ದೊಡ್ಡಮ್ಮನ ಮೊಮ್ಮಗಳದ್ದಲ್ಲ, ನನ್ನ ಅಣ್ಣನ ಮಗಳದ್ದು. ಮನೆಯಲ್ಲಿ ಪುಟ್ಟಿ ಅಂತೀವಿ, ನೂರು ಮನೆಯಲ್ಲಿ ನೂರು ಪುಟ್ಟಿಯರಿದ್ದಾರೆ.

ಅವಳ ವಯಸ್ಸು ನನಗೆ ಯಾವ ಕಾಗದವೂ ಹೇಳಬೇಕಾಗಿರಲಿಲ್ಲ. 2007ರ ಗೌರಿ ಹಬ್ಬದ ಹಿಂದಿನ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು. ಮೊದಲು ಎತ್ತಿಕೊಂಡವಳು ನಾನು. ಅಂದರೆ ಆಗ ಅವಳಿಗೆ ಹದಿನಾರೂ ತುಂಬಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಹದಿನೈದು ದಿನವೂ ಆಗಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅವನು ಸುಳ್ಳು ಹೇಳಲಿಲ್ಲ. ಹುಡುಗ ಅತ್ತಿಗೆಯ ಸ್ವಂತ ತಮ್ಮ. ಪುಟ್ಟಿಗೆ ಸೋದರಮಾವ. ಇಪ್ಪತ್ತೊಂಬತ್ತು ವರ್ಷ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದಲ್ಲ, ಯಾರೂ ಹುಬ್ಬು ಏರಿಸುವುದಿಲ್ಲ. "ಬಸ್‌ಸ್ಟಾಪಲ್ಲಿ ಯಾವನ್ದೋ ಹುಡುಗನ ಜೊತೆ ಮಾತಾಡ್ತಾ ನಿಂತಿದ್ಲಂತೆ. ಕಾಲೇಜಿಗೆ ಹನ್ನೊಂದು ಕಿಲೋಮೀಟರ್ ಬಸ್ಸಲ್ಲಿ ಕಳ್ಸಿ, ನಾಳೆ ಏನಾದ್ರೂ ಆದ್ರೆ ನೀನು ಬತ್ತೀಯಾ? ಮನೆ ಹುಡುಗ, ಜಮೀನೂ ಹೊರಗೆ ಹೋಗಲ್ಲ" ಅಂದ.

ಆ ಸೋದರಮಾವನ ಬಗ್ಗೆಯೂ ಒಂದು ಮಾತು ಹೇಳಬೇಕು. ಅವನು ಕೆಟ್ಟವನಲ್ಲ. ಕುಡಿತ ಇಲ್ಲ, ಒಂದೂವರೆ ಎಕರೆ ಕಬ್ಬು, ಒಂದು ಹಳೇ ಟ್ರ್ಯಾಕ್ಟರು. ನಾಲ್ಕು ವರ್ಷದಿಂದ ಹೆಣ್ಣು ನೋಡಿ ನೋಡಿ ಎಲ್ಲರೂ "ಬೆಂಗಳೂರಲ್ಲಿ ಕೆಲಸ ಇದ್ದರೆ ಹೇಳಿ" ಅಂದು ಕಳಿಸಿದ್ದರು. ಆ ವರ್ಷ ಫೆಬ್ರವರಿಯಲ್ಲಿ ಮದುವೆಗೆ ಹೆಣ್ಣು ಸಿಗದ ಗಂಡು ಮಕ್ಕಳು ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಟಿವಿಯಲ್ಲೆಲ್ಲ ಬಂತಲ್ಲ, ಅವನೂ ಹೋಗಿದ್ದ. ಜನ ನಕ್ಕರು, ನಾನೂ ನಕ್ಕಿದ್ದೆ. ಮಾದಪ್ಪನ ಹತ್ತಿರ ಕೇಳಿಕೊಂಡು ಬಂದವನಿಗೆ ಮನೆಯವರು ತೋರಿಸಿದ್ದು ತಾನೇ ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ್ದ ಕೂಸನ್ನು.

ಪುಟ್ಟಿಯನ್ನೂ ಕೇಳಿದೆ. ಅತ್ತಿಗೆ ಹಾಲು ಹಾಕಲು ಡೇರಿಗೆ ಹೋಗುವ ಹೊತ್ತು ನೋಡಿ ಫೋನ್ ಮಾಡಿದ್ದೆ. "ನಿಂಗೆ ಇಷ್ಟ ಇದ್ಯೇನೇ?" ಸುಮಾರು ಹೊತ್ತು ಮಾತಿಲ್ಲ. ಆಮೇಲೆ, "ಮಾವ ಕಾಲೇಜಿಗೆ ಕಳಿಸ್ತೀನಿ ಅಂದವ್ರೆ ಅತ್ತೆ" ಅಂದಳು. ಅಷ್ಟೆ. ನನ್ನನ್ನು ಬಿಡಿಸು ಅಂತ ಅವಳು ಕೇಳಲೇ ಇಲ್ಲ. ಈ ಮಾತನ್ನು ಮುಂದೆ ಹಲವರು ನನ್ನ ಮುಖಕ್ಕೆ ಹಿಡಿದಿದ್ದಾರೆ. ಹದಿನೈದು ವರ್ಷದವಳು ಏನು ಕೇಳಬಲ್ಲಳು ಅನ್ನುವುದಷ್ಟೇ ನನ್ನ ಉತ್ತರ.

ಏಪ್ರಿಲ್ 28, ಶುಕ್ರವಾರ. ಮನೆಯಲ್ಲಿ ಮಾತಾಡಲು ಧೈರ್ಯ ಸಾಲದೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಹುಡುಗಿಯ ಹೆಸರು, ಶಾಲೆ, ಊರು, ಮದುವೆ ದಿನ, ಛತ್ರ, ಗಂಡಿನ ಕಡೆಯವರು ಯಾರು, ಒಂದೊಂದನ್ನೂ ನಿಧಾನವಾಗಿ ಕೇಳಿ ಬರೆದುಕೊಂಡರು. ನನ್ನ ಹೆಸರು ಎಲ್ಲೂ ಹೋಗುವುದಿಲ್ಲ ಅಂದರು. ಅದು ನಿಜವೇ, ಅವರ ಕಡೆಯಿಂದ ಹೋಗಲಿಲ್ಲ. ಆದರೆ ಚೀಟಿ ಕಳಿಸಿದ್ದು ನನಗೆ, ಅಣ್ಣನಿಗೆ ಫೋನ್ ಮಾಡಿ ಜಗಳವಾಡಿದ್ದು ನಾನು. ಊರಲ್ಲಿ ಇದನ್ನು ಕಂಡುಹಿಡಿಯಲು ಪೊಲೀಸರು ಬೇಕೇ?

ವಿಧಾನಸಭೆ ಚುನಾವಣೆ ತಲೆಯ ಮೇಲಿತ್ತು. ಮೇ 10ಕ್ಕೆ ಮತದಾನ. ಯಾವ ಕಚೇರಿಗೆ ಹೋದರೂ ಕುರ್ಚಿ ಖಾಲಿ, ಎಲ್ಲರೂ ಟ್ರೈನಿಂಗು, ಮೀಟಿಂಗು. "ಎಲೆಕ್ಷನ್ ಮುಗೀಲಿ ತಾಳಮ್ಮ" ಅಂದ ಒಬ್ಬ ಗುಮಾಸ್ತ. ಮದುವೆ ಇದ್ದದ್ದು ಮೇ 7ಕ್ಕೆ. ಬೇಕಂತಲೇ ಆ ದಿನ ಇಟ್ಟಿದ್ದರು ಅಂತ ಆಮೇಲೆ ತಿಳಿಯಿತು. ಸಾಹೇಬರೆಲ್ಲ ಬಿಜಿ ಇರ್ತಾರೆ ಅಂತ ಊರಿನ ಒಬ್ಬ ದೊಡ್ಡ ಮನುಷ್ಯರೇ ಸಲಹೆ ಕೊಟ್ಟಿದ್ದರಂತೆ.

ಆದರೂ ಮೇ 2ಕ್ಕೆ ಅಂಗನವಾಡಿ ಮೇಲ್ವಿಚಾರಕಿ, ಪಿಡಿಒ, ಇಬ್ಬರು ಪೊಲೀಸರು ಅಣ್ಣನ ಮನೆಗೆ ಹೋದರು. ಅಣ್ಣ ಆಧಾರ್ ಕಾರ್ಡ್ ತೋರಿಸಿದ. ಅದರಲ್ಲಿ ಹುಟ್ಟಿದ ವರ್ಷ ಹೇಗೋ 2004 ಆಗಿತ್ತು. ವಯಸ್ಸಿಗೆ ಮೊದಲು ನೋಡುವುದು ಶಾಲೆಯ ದಾಖಲೆಯನ್ನು, ಆಧಾರ್ ಅಲ್ಲ ಅಂತ ಮೇಲ್ವಿಚಾರಕಿ ಖಡಕ್ಕಾಗಿ ಹೇಳಿದರಂತೆ. ಹೆಡ್‌ಮಾಸ್ಟರು ದಾಖಲಾತಿ ಪುಸ್ತಕದ ನಕಲು ಕೊಟ್ಟರು. ಅಣ್ಣ ಮುಚ್ಚಳಿಕೆ ಬರೆದುಕೊಟ್ಟ: ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ, ಮಾಡಿದರೆ ಕಾನೂನು ಕ್ರಮಕ್ಕೆ ಬದ್ಧ. ಅತ್ತಿಗೆ ಎಲ್ಲರಿಗೂ ಟೀ ಕೊಟ್ಟಳು. ಮಧ್ಯಾಹ್ನದ ಊಟದ ಹೊತ್ತಿಗೆ ಜೀಪು ಹೋಯಿತು.

ನಾನು ಎರಡು ದಿನ ನೆಮ್ಮದಿಯಿಂದ ಮಲಗಿದೆ. ದಡ್ಡಿ. ಮುಚ್ಚಳಿಕೆ ಕೊಟ್ಟ ಮೇಲೆ ಇನ್ನು ಯಾರೂ ಬರುವುದಿಲ್ಲ ಅನ್ನುವ ಧೈರ್ಯ ಬಂದದ್ದು ಅವರಿಗೆ.

ಅವ್ವ ಫೋನ್ ಮಾಡಿದಳು. ಅವಳಿಗೆ ಫೋನ್ ಹಚ್ಚಿಕೊಟ್ಟವರು ಯಾರೋ, ಆಚೆ ಕಡೆ ನಾಲ್ಕೈದು ಜನ ಕೂತಿರುವ ಸದ್ದು. "ನಾನು ಹನ್ನೆರಡಕ್ಕೆ ಮದ್ವೆಯಾಗಿ ಬಂದೋಳು ಕಣೇ. ಸತ್ತೋದ್ನಾ? ಐದು ಹೆತ್ತೆ. ನಿನ್ನ ಹೆತ್ತದ್ದೇ ತಪ್ಪಾಯ್ತು." ಐದು ಹೆತ್ತದ್ದರಲ್ಲಿ ಉಳಿದದ್ದು ಮೂರು. ಮೊದಲ ಎರಡು ಕೂಸುಗಳ ಹೆಸರೂ ಇಟ್ಟಿರಲಿಲ್ಲ. ಅದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮೇ 4ಕ್ಕೆ ಪುಟ್ಟಿಯ ತಮ್ಮ, ಆಗ ಹನ್ನೊಂದು ವರ್ಷದವನು, ಅಮ್ಮನ ಫೋನಿನಲ್ಲಿ ಗೇಮ್ ಆಡುವ ನೆಪದಲ್ಲಿ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದ. "ಅತ್ತೆ, ಚಪ್ಪರ ಬಿಚ್ಚುದ್ರು. ಆದ್ರೆ ಅಪ್ಪ ಟಿಟಿ ಗಾಡಿ ಬುಕ್ ಮಾಡವ್ರೆ." ಕಳಿಸಿದ್ದನ್ನು ಅಳಿಸಿಯೂ ಬಿಟ್ಟಿದ್ದ. ಅಳಿಸುವ ಮೊದಲು ಕೇಳಿಸಿಕೊಂಡದ್ದು ನನ್ನ ಪುಣ್ಯ.

ಅವತ್ತೇ ಕೋರ್ಟಿನ ಆವರಣದಲ್ಲಿರುವ ಉಚಿತ ಕಾನೂನು ನೆರವಿನ ಕೋಣೆಗೆ ಹೋದೆ. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯ ಎಷ್ಟು ಅಂತ ಕೇಳುವುದಿಲ್ಲ, ವಕೀಲರ ಫೀಸು ಸರ್ಕಾರದ್ದು. ಸಿಕ್ಕಿದ ವಕೀಲೆ ನನಗಿಂತ ಚಿಕ್ಕವರು. ಮೇಜಿನ ಮೇಲೆ ಅರ್ಧ ತಿಂದ ಚಿತ್ರಾನ್ನ. ನಾನು ಹೇಳುವುದನ್ನೆಲ್ಲ ಕೇಳಿ, "ಎಲ್ಲರೂ ಮದುವೆ ಆದ್ಮೇಲೆ ಬರ್ತಾರಕ್ಕ, ನೀವು ಮೊದಲೇ ಬಂದಿದ್ದೀರ" ಅಂದರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ತುರ್ತು ಇದ್ದರೆ ಎದುರು ಪಾರ್ಟಿಗೆ ನೋಟಿಸು ಕೊಡದೆಯೂ ಮಧ್ಯಂತರ ಆಜ್ಞೆ ಕೊಡುತ್ತಾರೆ. ಬಹಳ ರಾಜ್ಯಗಳಲ್ಲಿ ಬಾಲ್ಯವಿವಾಹ ಆದ ಮೇಲೆ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕಂತೆ. ಕರ್ನಾಟಕದಲ್ಲಿ 2016ರ ತಿದ್ದುಪಡಿಯಿಂದಾಗಿ ಅಂಥ ಮದುವೆ ಮೊದಲಿಂದಲೇ ಅಸಿಂಧು. "ಹಾಗಾದರೆ ಮದುವೆ ಆದರೂ ಪರವಾಗಿಲ್ಲವಾ?" ಅಂತ ಕೇಳಿದೆ. ಅವರು ಚಿತ್ರಾನ್ನದ ಡಬ್ಬಿ ಮುಚ್ಚಿದರು. "ಕಾಗದದಲ್ಲಿ ಅಸಿಂಧು ಅಕ್ಕ. ಅದು ತೀರ್ಮಾನ ಆಗೋ ಹೊತ್ತಿಗೆ ಹುಡುಗಿ ಕಂಕುಳಲ್ಲಿ ಮಗು ಇರುತ್ತೆ."

ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿಗೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತು ಅನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಐದರಲ್ಲಿ ಒಬ್ಬಳು. ಆ ಲೆಕ್ಕ ವಕೀಲೆಯ ಹಿಂದಿನ ಗೋಡೆಯ ಪೋಸ್ಟರಿನಲ್ಲಿತ್ತು. ನಾನು ನನ್ನ ಗಿರಾಕಿಗಳನ್ನು ಮನಸ್ಸಿನಲ್ಲೇ ಎಣಿಸುತ್ತಾ ಕೂತೆ. ಸುಳ್ಳಲ್ಲ.

ಶುಕ್ರವಾರ ಅರ್ಜಿ, ಶನಿವಾರ ಮೇ 6ಕ್ಕೆ ಆಜ್ಞೆ. ಅಣ್ಣ, ಅತ್ತಿಗೆ, ಅತ್ತಿಗೆಯ ತಮ್ಮ, ಮೂವರ ಹೆಸರೂ ಇತ್ತು. ಸಂಜೆ ಪೊಲೀಸರು ಜಾರಿ ಮಾಡಲು ಹೋದಾಗ ಮನೆಗೆ ಬೀಗ. ಬಾಗಿಲಿಗೆ ಅಂಟಿಸಿ ಫೋಟೊ ತೆಗೆದುಕೊಂಡು ಬಂದರು. ಆ ಅಂಟಿಸಿದ ಕಾಗದ ಮುಂದೆ ಏನು ಮಾಡಿತು ಅನ್ನುವುದು ಆಮೇಲೆ ಹೇಳುತ್ತೇನೆ.

ರಾತ್ರಿ ಹತ್ತೂ ಮುಕ್ಕಾಲಿಗೆ ಪುಟ್ಟಿಯ ತಮ್ಮನಿಂದ ಮತ್ತೊಂದು ಮೆಸೇಜು. ಈ ಸಲ ಮಾತಿಲ್ಲ, ಲೊಕೇಶನ್ ಮಾತ್ರ. ನಕ್ಷೆಯಲ್ಲಿ ನೀಲಿ ಚುಕ್ಕೆ ಪಕ್ಕದ ಜಿಲ್ಲೆಯ ಬೆಟ್ಟದ ದಾರಿ ಹಿಡಿದಿತ್ತು. ನಾನು 112ಕ್ಕೆ, 1098ಕ್ಕೆ, ವಕೀಲೆಗೆ, ಮೇಲ್ವಿಚಾರಕಿಗೆ, ಎಲ್ಲರಿಗೂ ಫೋನ್ ಮಾಡಿದೆ. ನಮ್ಮ ಮನೆಯವರು ಅಲ್ಲಿಯತನಕ "ನಿನ್ನ ತವರಿನ ಜಗಳ ನಂಗ್ಯಾಕೆ" ಅಂತ ಮುಖ ತಿರುಗಿಸಿಕೊಂಡಿದ್ದವರು, ಆ ಚುಕ್ಕೆ ಸರಿಯುವುದನ್ನು ನೋಡಿ ತಾವೇ ಎದ್ದು ಬೈಕಿನ ಕೀ ತೆಗೆದುಕೊಂಡರು.

ಗಾಡಿಯನ್ನು ತಡೆದವರು ನಾವ್ಯಾರೂ ಅಲ್ಲ. ಜಿಲ್ಲೆಯ ಗಡಿಯಲ್ಲಿ ಚುನಾವಣೆಯ ಚೆಕ್‌ಪೋಸ್ಟ್ ಇತ್ತು. ಆ ದಿನಗಳಲ್ಲಿ ದಾಖಲೆಯಿಲ್ಲದೆ ಐವತ್ತು ಸಾವಿರಕ್ಕಿಂತ ಹೆಚ್ಚು ನಗದು ಒಯ್ದರೆ ಹಿಡಿದು ನಿಲ್ಲಿಸುತ್ತಿದ್ದರು. ಅಣ್ಣನ ಬ್ಯಾಗಿನಲ್ಲಿ ಮದುವೆ ಖರ್ಚಿಗೆ ಕೈಸಾಲ ತಂದ ಒಂದು ಲಕ್ಷ ನಲವತ್ತು ಸಾವಿರ. ಯಾವ ಪಕ್ಷದ್ದು, ಎಲ್ಲಿಗೆ ಹಂಚಲು ಒಯ್ತಿದ್ದೀರಿ ಅಂತ ಕೇಳುತ್ತಾ ಗಾಡಿ ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು ನಿದ್ದೆಗಣ್ಣಲ್ಲಿ ಕೂತ ಹುಡುಗಿ. ಅಷ್ಟು ಹೊತ್ತಿಗೆ ಕಂಟ್ರೋಲ್ ರೂಮಿನಿಂದ ಗಾಡಿಯ ವಿವರ ಅಲ್ಲಿಗೆ ಮುಟ್ಟಿತ್ತು. ಯಾವ ಚುನಾವಣೆ ನೋಡಿ ಮುಹೂರ್ತ ಇಟ್ಟಿದ್ದರೋ ಅದೇ ಚುನಾವಣೆ ಗಾಡಿ ಹಿಡಿಯಿತು. ಬೆಟ್ಟದ ಮೇಲೆ ಅವಳ ಮಾವ ಪೇಟ ಸುತ್ತಿಕೊಂಡು ಬೆಳಗಿನ ಎಂಟರವರೆಗೂ ಕಾದಿದ್ದನಂತೆ. ಆಮೇಲೆ ಪೊಲೀಸರೇ ಅಲ್ಲಿಗೆ ಹೋದರು. (ಆ ದುಡ್ಡು ವಾಪಸ್ ಬರಲು ಇಪ್ಪತ್ತು ದಿನ ಹಿಡಿಯಿತು. ಅದರ ಬಡ್ಡಿಯೂ ನನ್ನ ತಲೆಗೇ ಕಟ್ಟಿದರು.)

ನಾನು ಪುಟ್ಟಿಯನ್ನು ನೇರ ಮನೆಗೆ ಕರೆದುಕೊಂಡು ಹೋಗಬಹುದು ಅಂದುಕೊಂಡಿದ್ದೆ. ಹಾಗಿಲ್ಲ. ಮದುವೆಯ ಅಪಾಯದಲ್ಲಿರುವ ಮಗು ಕಾನೂನಿನ ಲೆಕ್ಕದಲ್ಲಿ ಆರೈಕೆ, ರಕ್ಷಣೆ ಬೇಕಾದ ಮಗು. ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಭಾನುವಾರವಾದ್ದರಿಂದ ಸಮಿತಿಯ ಒಬ್ಬ ಸದಸ್ಯೆಯ ಮುಂದೆ ಹಾಜರುಪಡಿಸಿ ಬಾಲಕಿಯರ ಬಾಲಮಂದಿರಕ್ಕೆ ಕಳಿಸಿದರು.

ಸಂಜೆ ಹತ್ತು ನಿಮಿಷ ನೋಡಲು ಬಿಟ್ಟರು. ಅವಳ ಎರಡೂ ಕೈಯಲ್ಲಿ ಮೆಹೆಂದಿ ಕಡುಗೆಂಪಾಗಿ ಹತ್ತಿತ್ತು. ಸೀರೆ ಬಿಚ್ಚಿಸಿ ಅಲ್ಲಿಯದೇ ಒಂದು ಚೂಡಿದಾರ ಕೊಟ್ಟಿದ್ದರು, ಹೆಗಲು ಜಾರುತ್ತಿತ್ತು. ನಾನು ಏನೂ ತೋಚದೆ ಅದರ ಹೆಗಲನ್ನು ಹಿಡಿದು ಸರಿಮಾಡುತ್ತಾ ನಿಂತೆ. ಅವಳು ಕೇಳಿದಳು, "ಅತ್ತೆ, ಮದ್ವೆ ಮಾಡಕ್ಕೋಗಿದ್ದು ಅವ್ರು. ನಾನೇನ್ ತಪ್ಪು ಮಾಡ್ದೆ ಅಂತ ನನ್ನ ಒಳಗೆ ಹಾಕವ್ರೆ?"

ಇವತ್ತಿಗೂ ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮಾರನೆಯ ದಿನ, ಮೇ 8ಕ್ಕೆ, ಎಸ್ಸೆಸ್ಸೆಲ್ಸಿ ರಿಸಲ್ಟು. ಅವಳ ರಿಜಿಸ್ಟರ್ ನಂಬರ್ ಅವಳಿಗೇ ನೆನಪಿತ್ತು. ಬಾಲಮಂದಿರದ ಅಧೀಕ್ಷಕಿ ತಮ್ಮ ಮೊಬೈಲಿನಲ್ಲಿ ನೋಡಿ ಹೇಳಿದರಂತೆ: 625ಕ್ಕೆ 471. ಅಲ್ಲಿದ್ದ ಹುಡುಗಿಯರೆಲ್ಲ ಸಕ್ಕರೆ ಹಂಚಿ ತಿಂದರು. ಅದೇ ಹೊತ್ತಿಗೆ ಅಣ್ಣನನ್ನೂ ಅತ್ತಿಗೆಯ ತಮ್ಮನನ್ನೂ ಜೈಲಿಗೆ ಕಳಿಸಿದ್ದರು. ಈ ಕಾಯ್ದೆಯಡಿ ಅಪರಾಧಕ್ಕೆ ಠಾಣೆಯಲ್ಲಿ ಜಾಮೀನಿಲ್ಲ. ಹೆಂಗಸರಿಗೆ ಜೈಲು ಶಿಕ್ಷೆ ಇಲ್ಲ ಅನ್ನುವ ಮಾತು ಕಾಯ್ದೆಯಲ್ಲೇ ಇರುವುದರಿಂದಲೋ ಏನೋ ಅತ್ತಿಗೆಯನ್ನು ಬಿಟ್ಟಿದ್ದರು. ಹನ್ನೊಂದು ದಿನ ಅಣ್ಣ ಒಳಗಿದ್ದ. ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದ ಅಣ್ಣ. ನಾನು ಫೋನ್ ಮಾಡಿದ್ದು ಮದುವೆ ನಿಲ್ಲಿಸಲು, ಅವನನ್ನು ಜೈಲಿಗೆ ಹಾಕಿಸಲು ಅಲ್ಲ ಅಂತ ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೇನೋ. ಎರಡೂ ಒಂದೇ ಫೋನಿನಿಂದ ಆದದ್ದು ತಾನೇ.

ಅವ್ವ ಬಂದಳು. ಎರಡು ಬಸ್ಸು ಬದಲಾಯಿಸಿ, ಒಬ್ಬಳೇ. ಒಳಗೆ ಬಾ ಅಂದರೆ ಬರಲಿಲ್ಲ. ನಮ್ಮ ಬೀದಿ ಕಾಂಕ್ರೀಟಿನದು, ಮಣ್ಣು ಸಿಗದು. ಪಕ್ಕದ ಮನೆಯವರ ತುಳಸಿ ಕುಂಡಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಬಾಗಿಲಿಗೆ ತೂರಿದಳು. ನೀರೂ ಕುಡಿಯದೆ ಹೋದಳು. ಅವಳಿಗೆ ಬಿಪಿ, ಬಿಸಿಲು ಬೇರೆ. ನಮ್ಮ ಮನೆಯವರು ಅವಳಿಗೆ ಕಾಣದ ಹಾಗೆ ಹಿಂದೆ ಹೋಗಿ ಬಸ್ಸು ಹತ್ತುವವರೆಗೆ ನೋಡಿ ಬಂದರು.

ಇಷ್ಟೆಲ್ಲದರ ಮಧ್ಯೆ ಅತ್ತಿಗೆ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದಳು, "ನನ್ನ ಬ್ಲೌಸ್ ಪೀಸು ವಾಪಸ್ ಕಳಿಸು." ಮೂರನ್ನೂ ಕಳಿಸಿದೆ. ಯೂನಿಫಾರಂ ಟಾಪು ಕೊಡಲಿಲ್ಲ.

ಮಕ್ಕಳ ಕಲ್ಯಾಣ ಸಮಿತಿ ಅಂದರೆ ಕೋರ್ಟಿನ ಹಾಗೆ ಕಟಕಟೆ ಇರುತ್ತದೆ ಅಂದುಕೊಂಡಿದ್ದೆ. ಒಂದು ದೊಡ್ಡ ಮೇಜು, ಅಧ್ಯಕ್ಷರು, ನಾಲ್ವರು ಸದಸ್ಯರು, ಗೋಡೆಗೆ ಆನೆ, ಜಿಂಕೆಗಳ ಚಿತ್ರ. ಆದರೆ ಅವರ ಕೈಲಿರುವುದು ಮ್ಯಾಜಿಸ್ಟ್ರೇಟರ ಅಧಿಕಾರವೇ. ಪುಟ್ಟಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಅಪ್ಪ ಜೈಲಿನಿಂದ ಬಂದ ಮೇಲೆ ಅವಳು "ಮನೆಗೇ ಹೋಗ್ತೀನಿ" ಅಂದಳಂತೆ. ಸಮಿತಿ ಒಪ್ಪಲಿಲ್ಲ. ಮನೆ ಹೇಗಿದೆ, ಮತ್ತೆ ಮದುವೆ ಮಾಡುವ ಅಪಾಯ ಇದೆಯೇ ಅಂತ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಊರಿಗೆ ಹೋಗಿ ವಿಚಾರಿಸಿ ವರದಿ ಕೊಡಬೇಕಾಯಿತು. ನನ್ನ ಮನೆಗೂ ಬಂದರು. ಎಷ್ಟು ಕೋಣೆ, ಕಕ್ಕಸು ಎಲ್ಲಿ, ಗಂಡ ಕುಡಿಯುತ್ತಾರಾ, ಹುಡುಗಿ ಎಲ್ಲಿ ಮಲಗುತ್ತಾಳೆ. ಮಿಷನ್ನಿನ ಪಕ್ಕದ ಜಾಗ ತೋರಿಸಿದೆ.

ನನ್ನನ್ನು ಸಮಿತಿಯ ಮುಂದೆ ಕರೆದ ದಿನ ಅಧ್ಯಕ್ಷೆ ಫೈಲಿನಿಂದ ತಲೆಯೆತ್ತದೆ ಕೇಳಿದರು: "ನಿಮಗೆ ಗಂಡು ಮಕ್ಕಳಿದ್ದಾರಾ?"

"ಒಬ್ಬ ಇದಾನೆ ಮೇಡಂ."

"ವಯಸ್ಸು?"

"ಹದಿನೇಳು."

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನನಗೆ ಅರ್ಥವಾಯಿತು. ಊರಿನಲ್ಲಿ ವಿಚಾರಿಸಿದ ವರದಿಯಲ್ಲಿ ಅದೂ ಬಂದಿತ್ತು: ಅತ್ತೆ ಈ ಮದುವೆ ತಪ್ಪಿಸಿದ್ದು ಹುಡುಗಿಯನ್ನು ತನ್ನ ಮಗನಿಗೆ ತಂದುಕೊಳ್ಳಲು. ಸೋದರಮಾವನಿಗೆ ಹಕ್ಕಿದ್ದರೆ ಅತ್ತೆಯ ಮಗನಿಗೂ ಇದೆಯಲ್ಲ. ನನ್ನ ಮೈಯೆಲ್ಲ ಉರಿಯಿತು. ಆದರೆ ಅವರು ಕೇಳಿದ್ದು ತಪ್ಪು ಅಂತ ಈಗ ಅನ್ನಿಸುವುದಿಲ್ಲ. ಪುಟ್ಟಿ ಹುಟ್ಟಿದ ಹತ್ತನೆಯ ದಿನ ಅವ್ವ ಒಂದೂವರೆ ವರ್ಷದ ನನ್ನ ಮಗನನ್ನು ತೊಟ್ಟಿಲ ಹತ್ತಿರ ಎತ್ತಿಹಿಡಿದು "ನೋಡ್ಲಾ, ನಿನ್ನ ಹೆಂಡ್ತಿ" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ಒಂದೆರಡು ವರ್ಷ ಆ ಮಾತು ನನಗೆ ಹಿತವಾಗಿಯೇ ಇತ್ತು ಅನ್ನುವುದನ್ನು ಆ ಮೇಜಿನ ಮುಂದೆ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ನಾನೂ ಮುಚ್ಚಳಿಕೆ ಬರೆದುಕೊಟ್ಟೆ. ಹದಿನೆಂಟು ತುಂಬುವವರೆಗೆ ಹುಡುಗಿಗೆ ಯಾರ ಜೊತೆಯೂ, ನನ್ನ ಮಗನ ಜೊತೆಯೂ, ಮದುವೆ ಮಾಡುವುದಿಲ್ಲ, ಓದಿಸುತ್ತೇನೆ, ಕರೆದಾಗ ಹಾಜರುಪಡಿಸುತ್ತೇನೆ. ಅಣ್ಣ ಬರೆದುಕೊಟ್ಟದ್ದಕ್ಕೂ ಇದಕ್ಕೂ ಒಂದೆರಡು ಸಾಲಿನ ವ್ಯತ್ಯಾಸ. ಸಹಿ ಹಾಕುವಾಗ ಕೈ ನಡುಗಿತು. ಅವನಿಗೂ ಹೀಗೇ ನಡುಗಿತ್ತೋ ಏನೋ ಅಂತ ಆ ಹೊತ್ತಿನಲ್ಲಿ ಅನ್ನಿಸಿತು. ಮಗನನ್ನು ದ್ವಿತೀಯ ಪಿಯುಸಿಗೆ ಮೈಸೂರಿನಲ್ಲಿರುವ ನಮ್ಮ ನಾದಿನಿಯ ಮನೆಗೆ ಕಳಿಸಿದೆ. "ಅವಳು ಬರೋದಕ್ಕೆ ನಾನ್ಯಾಕಮ್ಮ ಮನೆ ಬಿಡ್ಬೇಕು?" ಅಂದ ಅವನು. ಅವನ ತಪ್ಪೂ ಏನೂ ಇರಲಿಲ್ಲ. ಜೂನ್ ಮೂರನೆಯ ವಾರ, ನಲವತ್ತು ದಿನ ಕಳೆದ ಮೇಲೆ, ಪುಟ್ಟಿಯನ್ನು ನನ್ನ ಜೊತೆ ಕಳಿಸಿದರು.

ಬಂದ ಹೊಸತರಲ್ಲಿ ಅವಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ರಾತ್ರಿ ತಮ್ಮನಿಗೆ ಫೋನ್ ಮಾಡಿ ಕರು ಏನು ಮಾಡ್ತಿದೆ, ಅವ್ವ ಊಟ ಮಾಡಿದ್ಲಾ ಅಂತ ಪಿಸುಗುಡುವುದು ಕೇಳುತ್ತಿತ್ತು. ಸರ್ಕಾರಿ ಕಾಲೇಜಿನಲ್ಲಿ ಕಾಮರ್ಸ್ ತೆಗೆದುಕೊಂಡಳು. ಸಂಜೆ ಹೊತ್ತು ನನ್ನ ಪಕ್ಕ ಕೂತು ಬ್ಲೌಸಿಗೆ ಹುಕ್ಕು ಹಚ್ಚುವಳು. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಮುಂದಿನ ವರ್ಷವೂ ಇಲ್ಲ. ಪ್ರತಿ ತಿಂಗಳು ಸಮಿತಿಯ ಮುಂದೆ ಹೋಗಿ ಬರುವುದು ಒಂದು ಅಭ್ಯಾಸವಾಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ಸಾಕು ಅಂದರು.

ಇನ್ನು ಕೇಸು. ಅದು ನಡೆದದ್ದು ಒಂದೂವರೆ ವರ್ಷ. ನಾನು ಸಾಕ್ಷಿ. ಅಣ್ಣ ಎದುರಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದ. ಅವರ ವಕೀಲರು ಮದುವೆಯ ವಿಷಯ ಎತ್ತಲೇ ಇಲ್ಲ. "ನಿಮ್ಮ ತಂದೆಯ ಜಮೀನಿನಲ್ಲಿ ನೀವು ಭಾಗ ಕೇಳಿದ್ದಿರಾ?" ಅಂದರು. ಇಲ್ಲ ಅಂದೆ. "ಹೆಣ್ಣು ಮಕ್ಕಳಿಗೆ ಸಮಪಾಲು ಇದೆ ಅಂತ ಗೊತ್ತಾ?" ಗೊತ್ತು ಅಂದೆ. ಅಷ್ಟು ಸಾಕಾಯಿತು ಅವರಿಗೆ, ಜಡ್ಜ್ ಕಡೆ ತಿರುಗಿ ನಕ್ಕರು. ಭಾಗ ಕೊಡದ ಸಿಟ್ಟಿಗೆ ಅಣ್ಣನ ಮೇಲೆ ದೂರು ಕೊಟ್ಟ ತಂಗಿ, ಅದೂ ದಾಖಲೆಯಲ್ಲಿ ಸೇರಿತು.

ಪುಟ್ಟಿಯ ಸಾಕ್ಷಿಯ ಹಿಂದಿನ ರಾತ್ರಿ ಅವಳು ಕೇಳಿದಳು, "ನಾನೇನ್ ಹೇಳ್ಲಿ ಅತ್ತೆ?" ನಿನಗೆ ತೋಚಿದ್ದು ಹೇಳು ಅಂದೆ. ಸತ್ಯ ಹೇಳು ಅಂತ ಹೇಳಬೇಕಿತ್ತು ಅಂತ ವಕೀಲೆ ಆಮೇಲೆ ಬೈದರು. ಪುಟ್ಟಿ ಕೋರ್ಟಿನಲ್ಲಿ, "ಪೂಜೆಗೆ ಅಂತ ಬೆಟ್ಟಕ್ಕೆ ಹೋಗ್ತಿದ್ವಿ, ಮದ್ವೆ ವಿಷಯ ನಂಗೆ ಗೊತ್ತಿರ್ಲಿಲ್ಲ" ಅಂದಳು. ಸರ್ಕಾರಿ ವಕೀಲರು ಮೆಹೆಂದಿಯ ಬಗ್ಗೆ ಕೇಳಿದರು. "ಆಸೆಗೆ ಹಾಕ್ಕೊಂಡಿದ್ದೆ." ಅಣ್ಣ ಆಗ ತಲೆಯೆತ್ತಿ ಅವಳನ್ನು ನೋಡಿದ. ಒಂದೂವರೆ ವರ್ಷದಲ್ಲಿ ಮೊದಲ ಸಲ.

2025ರ ಫೆಬ್ರವರಿಯಲ್ಲಿ ಮೂವರೂ ಖುಲಾಸೆ. ತಡೆಯಾಜ್ಞೆ ಮುರಿದರು ಅನ್ನಲು ಅದು ಅವರಿಗೆ ಗೊತ್ತಿರಬೇಕು. ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ಕಾಗದ ಅವರು ನೋಡಿದ್ದರು ಅನ್ನಲು ಆಧಾರವಿಲ್ಲ. ಮದುವೆಯಂತೂ ನಡೆದೇ ಇಲ್ಲ. ಸಂಶಯದ ಲಾಭ. ಮದುವೆ ನಿಂತದ್ದರಿಂದಲೇ ಕೇಸು ನಿಲ್ಲಲಿಲ್ಲ ಅನ್ನಿ. ಅವತ್ತು ಕೋರ್ಟಿನ ಹೊರಗೆ ಅತ್ತಿಗೆ ಜೋರಾಗಿ, ನನಗೆ ಕೇಳಲಿ ಅಂತಲೇ, "ದೇವ್ರವ್ನೆ" ಅಂದಳು. ವಕೀಲೆ ಮೇಲ್ಮನವಿಯ ಮಾತು ಎತ್ತಿದರು. ನಾನು ಬೇಡ ಅಂದೆ. ಹುಡುಗಿ ಅಷ್ಟು ಹೊತ್ತಿಗೆ ದ್ವಿತೀಯ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಳು.

ಅವಳ ಮಾವನಿಗೆ ಆ ವರ್ಷವೇ ಬೇರೆ ಮದುವೆಯಾಯಿತು. ಹುಡುಗಿಗೆ ಇಪ್ಪತ್ತಾರು, ಉತ್ತರ ಕರ್ನಾಟಕದ ಕಡೆಯವಳಂತೆ. ಚೆನ್ನಾಗಿದ್ದಾರೆ ಅಂತ ಕೇಳಿದ್ದೇನೆ.

2025ರ ಸೆಪ್ಟೆಂಬರ್‌ನಲ್ಲಿ ಪುಟ್ಟಿಗೆ ಹದಿನೆಂಟು ತುಂಬಿತು. ಸಮಿತಿಯ ಫೈಲು ಮುಚ್ಚಿತು, ನನ್ನ ಮುಚ್ಚಳಿಕೆಯ ಅವಧಿಯೂ ಮುಗಿಯಿತು. ಈಗ ಬಿಕಾಂ ಮೊದಲ ವರ್ಷ. ಹದಿನೆಂಟು ತುಂಬಿದ ಮುಂದಿನ ಶನಿವಾರ ಅವಳೇ ಕೇಳಿದಳು, "ಅತ್ತೆ, ಊರಿಗೆ ಹೋಗಿ ಬರ್ಲಾ?" ಬಸ್ಸು ಹತ್ತಿಸಲು ಹೋದೆ. ಅದೇ ಕಲ್ಲುಬೆಂಚು. ಅವ್ವನಿಗೆ ಅಂತ ಒಂದು ಕಾಟನ್ ಸೀರೆ ಕೊಟ್ಟು ಕಳಿಸಿದೆ, ನಾನು ಕೊಟ್ಟದ್ದು ಅಂತ ಹೇಳಬೇಡ ಅಂದೆ.

ಅವಳು ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್ ಬಂದಳು. ಚೀಲದಲ್ಲಿ ಎರಡು ಅಚ್ಚು ಬೆಲ್ಲ, ನಾಲ್ಕು ತೆಂಗಿನಕಾಯಿ. ಅಪ್ಪ ಬಸ್‌ಸ್ಟಾಪಿನವರೆಗೆ ಬಂದಿದ್ದನಂತೆ, ಬಸ್ಸಿನ ಟಿಕೆಟ್ಟಿಗೆ ಅಂತ ಐನೂರು ಕೊಟ್ಟನಂತೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ ಅನ್ನುವುದು ಅವನಿಗೆ ಮರೆತಿತ್ತೋ ಏನೋ.

"ಅವ್ವ ಸೀರೆ ತಗೊಂಡ್ಳಾ?"

"ಹೊಲಿಗೆ ನೋಡ್ಬುಟ್ಟು, ಫಾಲ್ ಹಚ್ಚಿರೋದು ಯಾರು ಅಂತ ಗೊತ್ತಾಯ್ತು ಅಂದ್ಲು. ಉಟ್ಕೊಂಡ್ಲು."

"ನನ್ನ ವಿಷಯ ಏನಾದ್ರೂ ಕೇಳಿದ್ಲಾ?"

ಪುಟ್ಟಿ ಬೆಲ್ಲದ ಅಚ್ಚು ಡಬ್ಬಿಗೆ ಹಾಕುತ್ತಾ ನಗು ತಡೆದುಕೊಂಡಳು. "ನಿನ್ನ ವಿಷಯ ಕೇಳ್ಲಿಲ್ಲ ಅತ್ತೆ. ನಿನ್ನ ಮಗನಿಗೆ ಇಪ್ಪತ್ತೊಂದು ತುಂಬೋದು ಯಾವಾಗ ಅಂತ ಕೇಳಿದ್ಲು."